ಹತ್ತಿರದ ತಂಡವನ್ನು ಬಿಟ್ಟು ದೂರದ ತಂಡದ ಪಂದ್ಯ ಹಾಕುತ್ತಾರಲ್ಲ, ಸ್ಥಳೀಯ ರೇಡಿಯೊದವರು ಇದನ್ನು ತೀರ್ಮಾನಿಸುವುದು ಹೇಗೆ?

ದಾರಿಹೋಕ

ಏಪ್ರಿಲ್‌ನಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಇದು. ನಾನಿರುವುದು ಅಮೆರಿಕದ ಮಿಡ್‌ವೆಸ್ಟ್‌ನ ಒಂದು ಸಣ್ಣ ಊರಿನಲ್ಲಿ. ವಾರಕ್ಕೆ ಮೂರು ದಿನ ಕೆಲಸ ಮುಗಿಸಿ ಸಂಜೆ ಏಳಕ್ಕೆ ಕಾರು ಹತ್ತಿದರೆ ಮನೆ ಸೇರುವಾಗ ಎಂಟೂವರೆ. ಆ ಒಂದೂವರೆ ಗಂಟೆ ನನಗೆ ಜೊತೆಯಾಗಿದ್ದುದು ಊರಿನ ಎಎಂ ಕೇಂದ್ರದ ಬೇಸ್‌ಬಾಲ್ ವೀಕ್ಷಕ ವಿವರಣೆ. ಬಂದ ಹೊಸದರಲ್ಲಿ ಆಟದ ತಲೆಬುಡ ತಿಳಿಯುತ್ತಿರಲಿಲ್ಲ. ಕಲಿತದ್ದೆಲ್ಲ ಆ ಧ್ವನಿಯನ್ನು ಕೇಳಿಯೇ.

ಈ ವರ್ಷ ಅದೇ ಕೇಂದ್ರ ಬೇರೆ ತಂಡದ ಪಂದ್ಯ ಹಾಕುತ್ತಿದೆ. ನೂರು ಮೈಲಿ ದೂರದ ತಂಡ ಹೋಗಿ ಇನ್ನೂರೈವತ್ತು ಮೈಲಿ ಆಚೆಯದು ಬಂದಿದೆ. ಊರಿನಲ್ಲಿ ಟೋಪಿ ಹಾಕಿಕೊಂಡು ಓಡಾಡುವ ಹತ್ತು ಜನರಲ್ಲಿ ಎಂಟು ಜನರ ಟೋಪಿಯ ಮೇಲೆ ಹಳೆಯ ತಂಡದ ಗುರುತೇ ಇದೆ. ಯಾರನ್ನು ಕೇಳಿ ಬದಲಾಯಿಸಿದರು?

ಸಂಶಯಾತ್ಮ

ಟೋಪಿ ಹಾಕಿಕೊಂಡವರನ್ನು ಎಣಿಸಿದ್ದೀರಿ. ಹಾಕಿದವರು ಯಾರೆಂದು ಹುಡುಕಿ. ಹೆಚ್ಚು ದುಡ್ಡು ಕೊಟ್ಟ ತಂಡದ ಪಂದ್ಯ ಬರುತ್ತದೆ, ಅಷ್ಟೇ. ಇದಕ್ಕೆ ಚರ್ಚೆ ಬೇಕೇ?

ಬೋರ್ಡಿನ ಮುಂದೆ

ಬೇಕು ಸರ್, ಏಕೆಂದರೆ ದುಡ್ಡು ಯಾರು ಯಾರಿಗೆ ಕೊಡುತ್ತಾರೆ ಎಂಬುದೇ ಇಲ್ಲಿ ಗೋಜಲು. ಓದುವ ಕಾಲದಲ್ಲಿ ನಾನು ಇಂಥದೇ ಒಂದು ಸಣ್ಣ ಕೇಂದ್ರದಲ್ಲಿ ಸಂಜೆಯ ಪಾಳಿಯ ಬೋರ್ಡ್ ಆಪರೇಟರ್ ಆಗಿದ್ದೆ. ತಿಳಿದಷ್ಟು ಹೇಳುತ್ತೇನೆ.

ಪಂದ್ಯದ ಪ್ರಸಾರ ಹಕ್ಕು ತಂಡವನ್ನು ನಡೆಸುವ ಕ್ಲಬ್ಬಿನದು. ಕ್ಲಬ್ಬು ತನ್ನ ನಗರದಲ್ಲಿ ಒಂದು ಕೇಂದ್ರವನ್ನು ಹಿಡಿಯುತ್ತದೆ, ಅದನ್ನು ಫ್ಲ್ಯಾಗ್‌ಶಿಪ್ ಎನ್ನುತ್ತಾರೆ. ಅಲ್ಲಿ ಮೂರು ಬಗೆಯ ಒಪ್ಪಂದಗಳಿವೆ. ಕೇಂದ್ರವೇ ಕ್ಲಬ್ಬಿಗೆ ಹಕ್ಕಿನ ಶುಲ್ಕ ಕಟ್ಟಿ ಜಾಹೀರಾತು ಮಾರಿಕೊಳ್ಳುವುದು ಒಂದು. ಇಬ್ಬರೂ ಆದಾಯ ಹಂಚಿಕೊಳ್ಳುವುದು ಇನ್ನೊಂದು. ಕ್ಲಬ್ಬೇ ಕೇಂದ್ರದ ಸಮಯವನ್ನು ಖರೀದಿಸಿ, ಜಾಹೀರಾತನ್ನೂ ತಾನೇ ಮಾರುವುದು ಮೂರನೆಯದು. ಹೀಗಾಗಿ ಒಂದು ನಗರದಲ್ಲಿ ಕೇಂದ್ರ ಕ್ಲಬ್ಬಿಗೆ ಕೊಡುತ್ತದೆ, ಇನ್ನೊಂದು ನಗರದಲ್ಲಿ ಕ್ಲಬ್ಬು ಕೇಂದ್ರಕ್ಕೆ ಕೊಡುತ್ತದೆ.

ದಾರಿಹೋಕರ ಊರಿನಂಥ ಕಡೆ ಇರುವುದು ಅಫಿಲಿಯೇಟ್ ಕೇಂದ್ರ. ಫ್ಲ್ಯಾಗ್‌ಶಿಪ್‌ನಿಂದ ಬರುವ ಪ್ರಸಾರವನ್ನು ಉಪಗ್ರಹದ ಮೂಲಕವೋ ಇಂಟರ್ನೆಟ್ ಮೂಲಕವೋ ಹಿಡಿದು ಮುಂದೆ ಬಿಡುವುದಷ್ಟೇ ಅದರ ಕೆಲಸ. ವಿವರಣೆಗಾರರ ಸಂಬಳದ ಚಿಂತೆ ಅದಕ್ಕಿಲ್ಲ. ಎಷ್ಟೋ ಕಡೆ ನಗದು ಕೈಬದಲಾಗುವುದೇ ಇಲ್ಲ. ನೆಟ್‌ವರ್ಕ್, ಅಂದರೆ ಫ್ಲ್ಯಾಗ್‌ಶಿಪ್‌ನ ಪ್ರಸಾರ ಜಾಲ, ಪಂದ್ಯ ಕೊಡುತ್ತದೆ, ಕೇಂದ್ರ ತನ್ನ ಸಮಯ ಕೊಡುತ್ತದೆ, ಜಾಹೀರಾತಿನ ನಿಮಿಷಗಳನ್ನು ಹಂಚಿಕೊಳ್ಳುತ್ತಾರೆ. ಒಂಬತ್ತು ಇನಿಂಗ್‌ನ ಪಂದ್ಯದಲ್ಲಿ (ಒಂದು ಇನಿಂಗ್ ಎಂದರೆ ಎರಡೂ ತಂಡಗಳ ಒಂದೊಂದು ಬ್ಯಾಟಿಂಗ್ ಸರದಿ) ತಂಡಗಳು ಬದಲಾಗುವ ವಿರಾಮಗಳು ಹದಿನಾರೋ ಹದಿನೇಳೋ ಬರುತ್ತವೆ. ಹೆಚ್ಚಿನವು ನೆಟ್‌ವರ್ಕಿನ ಪಾಲು. ಉಳಿದ ಕೆಲವನ್ನು ಊರಿನಲ್ಲಿ ಮಾರಿ ಕೇಂದ್ರ ಹೊಟ್ಟೆ ಹೊರೆದುಕೊಳ್ಳಬೇಕು.

ಆದ್ದರಿಂದ ಸಣ್ಣ ಕೇಂದ್ರದಲ್ಲಿ ತಂಡವನ್ನು ಆರಿಸುವ ಕೋಣೆ ಸ್ಟುಡಿಯೊ ಅಲ್ಲ, ಜಾಹೀರಾತು ವಿಭಾಗ. ನಮ್ಮ ಕೇಂದ್ರದಲ್ಲಿ ಆ ಇಡೀ ವಿಭಾಗವೆಂದರೆ ಸುರುಳಿ ಬೈಂಡಿನ ನೋಟ್‌ಬುಕ್ ಹಿಡಿದ ಒಬ್ಬ ಹೆಂಗಸು. ಮಾಲೀಕರು ಯಾವುದೇ ತಂಡದ ಹೆಸರು ಎತ್ತಲಿ, ಆಕೆ ನೋಟ್‌ಬುಕ್ ತಿರುವಿ ನೋಡಿ “ಇದಕ್ಕೆ ನಾಲ್ಕು ಜನ ಸಿಗುತ್ತಾರೆ” ಅಥವಾ “ಇದಕ್ಕೆ ಯಾರೂ ಇಲ್ಲ” ಎನ್ನುತ್ತಿದ್ದರು. ಅಲ್ಲಿಗೆ ಸಭೆ ಮುಗಿಯುತ್ತಿತ್ತು.

ಹೊಸಬಳು

ನನ್ನದು ದಡ್ಡ ಪ್ರಶ್ನೆಯಿರಬಹುದು. ನೆಟ್‌ವರ್ಕ್ ಬೇಡ, ಒಪ್ಪಂದವೂ ಬೇಡ ಎಂದು ಕೇಂದ್ರದವರು ಟಿಕೆಟ್ ತೆಗೆದುಕೊಂಡು ಒಳಗೆ ಕುಳಿತು ತಾವೇ ವಿವರಣೆ ಕೊಟ್ಟರೆ? ಕಣ್ಣಿಗೆ ಕಂಡದ್ದನ್ನು ಹೇಳಲು ಯಾರ ಅಪ್ಪಣೆ ಬೇಕು?

ಹಳೆಯ ಸ್ಕೋರ್‌ಕಾರ್ಡ್

ದಡ್ಡ ಪ್ರಶ್ನೆಯಲ್ಲ ತಾಯಿ, ಇದೇ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲು ಹತ್ತಿತ್ತು.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1921ರ ಆಗಸ್ಟ್ 5ರಂದು ಪಿಟ್ಸ್‌ಬರ್ಗ್‌ನ ಕೆಡಿಕೆಎ ಕೇಂದ್ರದ ಹೆರಾಲ್ಡ್ ಆರ್ಲಿನ್ ಫೋರ್ಬ್ಸ್ ಫೀಲ್ಡ್ ಮೈದಾನದಲ್ಲಿ ಕುಳಿತು, ದೂರವಾಣಿಯನ್ನೇ ಮೈಕ್ ಮಾಡಿಕೊಂಡು ಊರಿನ ತಂಡ ಪೈರೇಟ್ಸ್ ಮತ್ತು ಫಿಲೀಸ್ ನಡುವಣ ಪಂದ್ಯವನ್ನು ಹೇಳಿದರು. ಅಮೆರಿಕದ ಅತ್ಯುನ್ನತ ಲೀಗ್ ಆದ ಮೇಜರ್ ಲೀಗ್ ಬೇಸ್‌ಬಾಲ್ ರೇಡಿಯೊದಲ್ಲಿ ಬಂದದ್ದು ಅದೇ ಮೊದಲು. ಆಗ ಹಕ್ಕು, ಶುಲ್ಕ ಎಂಬ ಮಾತುಗಳು ಇನ್ನೂ ಬೆಳೆದಿರಲಿಲ್ಲ. ಕ್ಲಬ್ಬುಗಳನ್ನು ಕಾಡುತ್ತಿದ್ದ ಭಯವೇ ಬೇರೆ. ಮನೆಯಲ್ಲಿ ಬಿಟ್ಟಿಯಾಗಿ ಕೇಳಲು ಸಿಕ್ಕರೆ ಮೈದಾನಕ್ಕೆ ಯಾರು ಬರುತ್ತಾರೆ? ಆಗ ನ್ಯೂಯಾರ್ಕಿನಲ್ಲಿದ್ದ ಮೂರು ತಂಡಗಳಾದ ಯಾಂಕೀಸ್, ಜೈಂಟ್ಸ್ ಮತ್ತು ಡಾಡ್ಜರ್ಸ್ ಒಪ್ಪಂದ ಮಾಡಿಕೊಂಡು 1934ರಿಂದ 1938ರವರೆಗೆ ರೇಡಿಯೊವನ್ನು ಹೊರಗೇ ಇಟ್ಟಿದ್ದವು. ಡಾಡ್ಜರ್ಸ್‌ನ ಆಡಳಿತ ನೋಡಿಕೊಳ್ಳುತ್ತಿದ್ದ ಲ್ಯಾರಿ ಮ್ಯಾಕ್‌ಫೇಲ್ ಆ ಒಪ್ಪಂದವನ್ನು ಮುಂದುವರಿಸಲು ಒಪ್ಪಲಿಲ್ಲ. 1939ರಲ್ಲಿ ಸಿನ್ಸಿನಾಟಿಯಿಂದ ವಿವರಣೆಗಾರ ರೆಡ್ ಬಾರ್ಬರ್ ಅವರನ್ನು ಕರೆತಂದು ಪ್ರಸಾರ ಆರಂಭಿಸಿದರು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಪಿಟ್ಸ್‌ಬರ್ಗ್‌ನಲ್ಲೇ ಇದ್ದ ಕೆಕ್ಯುವಿ ಎಂಬ ಕೇಂದ್ರ ಟಿಕೆಟ್ ಕೂಡ ಕೊಳ್ಳಲಿಲ್ಲ. ಫೋರ್ಬ್ಸ್ ಫೀಲ್ಡ್‌ನ ಗೋಡೆಯಾಚೆ ಒಂದು ಎತ್ತರದ ಜಾಗವನ್ನು ಬಾಡಿಗೆಗೆ ಹಿಡಿದು, ಅಲ್ಲಿ ನೋಡುವವರನ್ನು ಕೂರಿಸಿ, ಆಟ ಆಗುತ್ತಿದ್ದಂತೆಯೇ ಪ್ರಸಾರ ಮಾಡಿತು. ಹಕ್ಕನ್ನು ಆಗಲೇ ಜನರಲ್ ಮಿಲ್ಸ್ ಎಂಬ ಆಹಾರ ಕಂಪನಿಗೆ ಮಾರಿಯಾಗಿತ್ತು. ಪೈರೇಟ್ಸ್ ಕ್ಲಬ್ಬು ಮೊಕದ್ದಮೆ ಹೂಡಿತು. ನಾವು ನಮ್ಮ ಜಾಗದಲ್ಲಿ ಕುಳಿತು ನಮ್ಮ ಕಣ್ಣಿನಿಂದ ನೋಡಿದ್ದು ಎಂದು ಕೇಂದ್ರ ವಾದಿಸಿತು. 1938ರಲ್ಲಿ ನ್ಯಾಯಾಲಯ ಕ್ಲಬ್ಬಿನ ಪರ ತೀರ್ಪು ಕೊಟ್ಟಿತು. ಪಂದ್ಯವನ್ನು ದುಡ್ಡು ಸುರಿದು ಏರ್ಪಡಿಸಿದವರು ಅವರು, ಆಟ ನಡೆಯುತ್ತಿರುವಷ್ಟು ಹೊತ್ತು ಅದರ ವರದಿಯ ಮೇಲಿನ ಒಡೆತನವೂ ಅವರದೇ. ಬೋರ್ಡಿನ ಮುಂದೆ ಅವರು ಹೇಳಿದ “ಹಕ್ಕು ಕ್ಲಬ್ಬಿನದು” ಎಂಬ ಮಾತಿನ ಹಿಂದೆ ಈ ಗೋಡೆಯಾಚೆಯ ಜಗಳವಿದೆ.

ಮೈದಾನಕ್ಕೆ ಹೋಗದೆಯೇ ಪಂದ್ಯ ಹೇಳಿದವರೂ ಇದ್ದರು. ಮುಂದೆ ಅಧ್ಯಕ್ಷರಾದ ರೊನಾಲ್ಡ್ ರೇಗನ್ 1930ರ ದಶಕದಲ್ಲಿ ಅಯೋವಾದ ಡೆ ಮೊಯಿನ್‌ನಲ್ಲಿ ಕುಳಿತು, ತಂತಿಯಲ್ಲಿ ಬರುವ ಚುಟುಕು ಸಂದೇಶಗಳನ್ನು ಓದಿ ಷಿಕಾಗೊ ಕಬ್ಸ್ ಪಂದ್ಯಗಳನ್ನು ಕಣ್ಣಾರೆ ಕಂಡಂತೆ ವರ್ಣಿಸುತ್ತಿದ್ದರು. ಒಮ್ಮೆ ತಂತಿ ಕೆಟ್ಟಿತು. ಅದು ಸರಿಯಾಗುವವರೆಗೂ, ಅವರದೇ ಮಾತಿನ ಪ್ರಕಾರ ಆರೇಳು ನಿಮಿಷ, ಬ್ಯಾಟುಗಾರ ಒಂದಾದ ಮೇಲೊಂದು ಚೆಂಡನ್ನು ಫೌಲ್, ಅಂದರೆ ಗೆರೆಯಾಚೆ, ಹೊಡೆಯುತ್ತಲೇ ಇದ್ದನಂತೆ!

ಸಂಶಯಾತ್ಮ

ಚೆನ್ನಾಗಿದೆ. ಆದರೆ ತೊಂಬತ್ತು ವರ್ಷ ಹಿಂದಿನ ಕಥೆಯಿಂದ ದಾರಿಹೋಕರ ಕಾರಿನ ರೇಡಿಯೊ ಬದಲಾಗಲಿಲ್ಲ. ಹತ್ತಿರದ ತಂಡಕ್ಕೆ ಕೇಳುಗರು ಹೆಚ್ಚು ಇದ್ದರೆ ಜಾಹೀರಾತೂ ಹೆಚ್ಚು ಬರಬೇಕಲ್ಲ?

ತರಂಗಾಂತರ

ಹತ್ತಿರ, ದೂರ ಎಂಬ ಮಾತನ್ನು ಮೈಲಿಯಲ್ಲಿ ಅಳೆಯಬೇಡಿ. ನಾನು ಟ್ರಾನ್ಸ್‌ಮಿಟರ್ ಕಡೆಯವನು, ನನ್ನ ಲೆಕ್ಕ ಸೂರ್ಯಾಸ್ತದಿಂದ ಶುರುವಾಗುತ್ತದೆ.

ಹಗಲಿನಲ್ಲಿ ಎಎಂ ಅಲೆಗಳು ನೆಲವನ್ನು ಹಿಡಿದು ಸಾಗುತ್ತವೆ. ಆಕಾಶದತ್ತ ಹೋದವನ್ನು ಅಯಾನುಗೋಳದ ಕೆಳಪದರ ನುಂಗಿಬಿಡುತ್ತದೆ. ಕತ್ತಲಾದ ಮೇಲೆ ಆ ಪದರ ಕರಗುತ್ತದೆ, ಅಲೆಗಳು ಮೇಲಿನ ಪದರಕ್ಕೆ ತಾಗಿ ನೂರಾರು ಮೈಲಿ ಆಚೆ ಇಳಿಯುತ್ತವೆ. ಎಲ್ಲ ಕೇಂದ್ರಗಳೂ ರಾತ್ರಿ ಪೂರ್ಣ ಶಕ್ತಿಯಲ್ಲಿ ಕೂಗಿದರೆ ಒಂದರ ಮೇಲೊಂದು ಬಿದ್ದು ಸಂತೆಯಾಗುತ್ತದೆ. ಅದಕ್ಕೇ ಅಮೆರಿಕದ ಸಂಪರ್ಕ ಆಯೋಗ ಎಷ್ಟೋ ಎಎಂ ಕೇಂದ್ರಗಳಿಗೆ ಸೂರ್ಯಾಸ್ತದ ನಂತರ ಶಕ್ತಿ ಇಳಿಸಲು, ದಿಕ್ಕು ಬದಲಿಸಲು, ಕೆಲವಕ್ಕೆ ಬಾಯಿ ಮುಚ್ಚಲೇ ಹೇಳಿದೆ. ಬೇಸ್‌ಬಾಲ್ ಪಂದ್ಯಗಳಲ್ಲಿ ಹೆಚ್ಚಿನವು ಸಂಜೆಯವು. ಅಂದರೆ ಇಂಥ ಕೇಂದ್ರದಲ್ಲಿ ಮೂರನೆಯ ಇನಿಂಗ್‌ಗೆ ಇದ್ದ ಊರು ಏಳನೆಯ ಇನಿಂಗ್‌ಗೆ ಇರುವುದಿಲ್ಲ.

ಸೇಂಟ್ ಲೂಯಿಸ್‌ನ ಕೆಎಂಒಎಕ್ಸ್ ಇದಕ್ಕೆ ತದ್ವಿರುದ್ಧ. 1120 ಕಿಲೊಹರ್ಟ್ಸ್, 50 ಸಾವಿರ ವ್ಯಾಟ್. ಅಮೆರಿಕದಲ್ಲಿ ಎಎಂಗೆ ಅದಕ್ಕಿಂತ ಹೆಚ್ಚಿನ ಪರವಾನಗಿಯೇ ಇಲ್ಲ. ರಾತ್ರಿ ಅದರ ಧ್ವನಿ ಎಷ್ಟೋ ರಾಜ್ಯಗಳನ್ನು ದಾಟುತ್ತದೆ. ಆ ನಗರದ ತಂಡವಾದ ಕಾರ್ಡಿನಲ್ಸ್‌ನ ಮೈದಾನವನ್ನು ಎಂದೂ ಕಾಣದ ಊರುಗಳಲ್ಲಿ ಮೂರು ತಲೆಮಾರಿನ ಅಭಿಮಾನಿಗಳು ಹುಟ್ಟಿದ್ದು ಹಾಗೆ. 2006ರಲ್ಲಿ ಕ್ಲಬ್ಬು ಕೆಟಿಆರ್‌ಎಸ್ ಎಂಬ ಇನ್ನೊಂದು ಕೇಂದ್ರದ ಅರ್ಧ ಪಾಲು ಕೊಂಡು ಪಂದ್ಯಗಳನ್ನು ಅಲ್ಲಿಗೆ ಒಯ್ದಿತು. ಅದರ ಶಕ್ತಿ 5 ಸಾವಿರ ವ್ಯಾಟ್. ಆ ವರ್ಷ ತಂಡ ಲೀಗಿನ ಕೊನೆಯ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು, ಆದರೆ ದೂರದ ಕೇಳುಗರಿಗೆ ಕೇಳಿದ್ದು ಬರೀ ಕೊರಕೊರ. 2011ಕ್ಕೆ ಮರಳಿ ಕೆಎಂಒಎಕ್ಸ್‌ಗೆ ಬಂದರು.

ದಾರಿಹೋಕರೇ, ನಿಮ್ಮ ಹಳೆಯ ತಂಡದ ಫ್ಲ್ಯಾಗ್‌ಶಿಪ್ ಇಂಥ ದೊಡ್ಡ ಕೇಂದ್ರವಾಗಿದ್ದರೆ, ನೂರು ಮೈಲಿ ದೂರದ ನಿಮ್ಮ ಊರಿಗೆ ಅದು ನೇರವಾಗಿಯೇ ಕೇಳುತ್ತಿರಬಹುದು. ಆಗ ಸಣ್ಣ ಕೇಂದ್ರ ಅದನ್ನೇ ಹಾಕಿ ಏನು ಗಳಿಸೀತು? ಒಮ್ಮೆ ಡಯಲ್ ತಿರುಗಿಸಿ ನೋಡಿ.

ದಾರಿಹೋಕ

ನಿನ್ನೆ ತಿರುಗಿಸಿದೆ. ನೀವು ಹೇಳಿದ್ದು ನಿಜ, ಕೇಳುತ್ತದೆ. ಆದರೆ ಹೆದ್ದಾರಿಯ ಪಕ್ಕ ವಿದ್ಯುತ್ ಗೋಪುರಗಳ ಸಾಲು ಬಂದಾಗ ನಾಲ್ಕು ಮೈಲಿ ಬರೀ ಗುಂಯ್‌ಗುಟ್ಟುತ್ತದೆ. ಯಾರೋ ಹೋಮ್ ರನ್ ಹೊಡೆದರು. ಯಾರೆಂದು ಮನೆಗೆ ಬಂದು ಮೊಬೈಲ್ ನೋಡಿ ತಿಳಿದುಕೊಂಡೆ.

ಇನ್ನೊಂದು ವಿಚಿತ್ರ. ಊರಿನ ಕೇಂದ್ರದ ಜಾಲತಾಣದಲ್ಲಿ ಕೇಳೋಣವೆಂದರೆ ಪಂದ್ಯದ ಹೊತ್ತಿಗೆ ಅಲ್ಲಿ ತೋಟಗಾರಿಕೆಯ ಹಳೆಯ ಮಾತುಕತೆ ಓಡುತ್ತಿರುತ್ತದೆ!

ಬೋರ್ಡಿನ ಮುಂದೆ

ಅದು ಕೇಂದ್ರದ ಚೇಷ್ಟೆಯಲ್ಲ. ಗಾಳಿಯ ಹಕ್ಕು ಬೇರೆ, ಇಂಟರ್ನೆಟ್ ಹಕ್ಕು ಬೇರೆ. ಮೇಜರ್ ಲೀಗ್ ಬೇಸ್‌ಬಾಲ್ ಎರಡನೆಯದನ್ನು ತನ್ನ ಬಳಿಯೇ ಇಟ್ಟುಕೊಂಡು ಚಂದಾದಾರರಿಗೆ ಮಾರುತ್ತದೆ. ಹಾಗಾಗಿ ಎಷ್ಟೋ ಕೇಂದ್ರಗಳು ಪಂದ್ಯದ ಹೊತ್ತಿನಲ್ಲಿ ತಮ್ಮ ಆನ್‌ಲೈನ್ ಧಾರೆಗೆ ಬೇರೆ ಏನನ್ನಾದರೂ ತುಂಬಿಸಬೇಕು. ನಾವು ಹಾಕುತ್ತಿದ್ದುದು ಮೀನು ಹಿಡಿಯುವ ಕಾರ್ಯಕ್ರಮ. ಒಂದೇ ಕಂತು, ಎಲ್ಲ ಸಂಜೆಯೂ. ಯಾರೂ ದೂರು ಹೇಳಲಿಲ್ಲ ಎಂಬುದರಲ್ಲೇ ಅದನ್ನು ಕೇಳುವವರು ಎಷ್ಟಿದ್ದರೆಂದು ತಿಳಿಯುತ್ತದೆ.

ಲೆಕ್ಕದ ಪುಸ್ತಕ

ನಾನು ಜಾಹೀರಾತು ಕೊಳ್ಳುವ ಕಡೆಯವಳು, ಆದ್ದರಿಂದ ನೋಟ್‌ಬುಕ್ಕಿನ ಇನ್ನೊಂದು ಮಗ್ಗುಲನ್ನು ಹೇಳುತ್ತೇನೆ. ಸಂಶಯಾತ್ಮ ಅವರೇ, ಕೇಳುಗರು ಹೆಚ್ಚಿದ್ದರೆ ಜಾಹೀರಾತು ಹೆಚ್ಚು ಎಂಬುದು ದೊಡ್ಡ ನಗರದ ಲೆಕ್ಕ. ಅಲ್ಲಿಯೂ ಅದು ಎಲ್ಲ ಸಲ ಕೂಡಿಬರುವುದಿಲ್ಲ. ಕಬ್ಸ್ ತಂಡ ಮತ್ತು ಷಿಕಾಗೊದ ಡಬ್ಲ್ಯುಜಿಎನ್ ಕೇಂದ್ರದ ಹೆಸರುಗಳನ್ನು ಜನ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. 1920ರ ದಶಕದಲ್ಲಿ ಶುರುವಾದ ಆ ನಂಟು 2014ರ ಸೀಸನ್ ಮುಗಿದ ಮೇಲೆ ಹರಿದುಹೋಯಿತು. ಹಕ್ಕಿಗೆ ಕಟ್ಟುವ ಹಣ ಜಾಹೀರಾತಿನಿಂದ ಹುಟ್ಟುತ್ತಿರಲಿಲ್ಲ. ಅದೇ ನಗರದಲ್ಲಿ ಡಬ್ಲ್ಯುಎಲ್‌ಎಸ್ ಕೇಂದ್ರದ ಮಾತೃಸಂಸ್ಥೆ ಕ್ಯುಮ್ಯುಲಸ್ 2017ರ ಕೊನೆಗೆ ದಿವಾಳಿ ರಕ್ಷಣೆ ಕೋರಿತು. ಮರುವರ್ಷ ನಗರದ ಇನ್ನೊಂದು ಬೇಸ್‌ಬಾಲ್ ತಂಡ ವೈಟ್ ಸಾಕ್ಸ್ ಮತ್ತು ಬ್ಯಾಸ್ಕೆಟ್‌ಬಾಲ್ ತಂಡ ಬುಲ್ಸ್ ಜೊತೆಗಿನ ಒಪ್ಪಂದಗಳನ್ನು ಕೈಬಿಟ್ಟಿತು. ವೈಟ್ ಸಾಕ್ಸ್ ಪಂದ್ಯಗಳು ಹೋಗಿ ಸೇರಿದ್ದು ಎಲ್ಲಿಗೆ ಗೊತ್ತೇ? ಕಬ್ಸ್ ಬಿಟ್ಟುಹೋದ ಅದೇ ಡಬ್ಲ್ಯುಜಿಎನ್‌ಗೆ.

ಸಣ್ಣ ಊರಿನಲ್ಲಿ ಟ್ರ್ಯಾಕ್ಟರ್ ಡೀಲರ್ ಎಷ್ಟು ಜನ ಕೇಳುತ್ತಾರೆ ಎಂದು ವಿಚಾರಿಸುವುದಿಲ್ಲ. ಯಾರು ಕೇಳುತ್ತಾರೆ ಎಂದು ವಿಚಾರಿಸುತ್ತಾನೆ. ಬೇಸ್‌ಬಾಲ್ ತಂಡ ವರ್ಷಕ್ಕೆ 162 ಪಂದ್ಯ ಆಡುತ್ತದೆ, ಅಷ್ಟರಲ್ಲೂ ತನ್ನ ಹೆಸರು ಕೇಳಿಸಿದರೆ ಅವನಿಗೆ ಸಂತೋಷವೇ. ಆದರೆ ದರ ಕೇಳಿದೊಡನೆ ಕೈ ಕಟ್ಟಿ ಕೂರುತ್ತಾನೆ. ಅದೇ ಡೀಲರ್ ಊರಿನ ಹೈಸ್ಕೂಲಿನ ಶುಕ್ರವಾರದ ಅಮೆರಿಕನ್ ಫುಟ್‌ಬಾಲ್ ಎಂದರೆ ಚೌಕಾಸಿಯಿಲ್ಲದೆ ಸಹಿ ಹಾಕುತ್ತಾನೆ. ಅಲ್ಲಿ ಆಡುವವರು ಅವನ ಗಿರಾಕಿಗಳ ಮಕ್ಕಳು. ಒಮ್ಮೊಮ್ಮೆ ಅವನ ಮಗನೇ.

ಹೊಸಬಳು

ಶಾಲೆಯ ಪಂದ್ಯಕ್ಕೂ ಹಕ್ಕು, ಶುಲ್ಕ ಇದೆಯೇ?

ಲೆಕ್ಕದ ಪುಸ್ತಕ

ಸಾಮಾನ್ಯ ಪಂದ್ಯಗಳಿಗೆ ಶಾಲೆಯ ಒಪ್ಪಿಗೆ ಸಾಕು, ಹೆಚ್ಚಿನ ಕಡೆ ಬಾಯಿಮಾತಿನಲ್ಲೇ ಮುಗಿಯುತ್ತದೆ. ರಾಜ್ಯಮಟ್ಟದ ಪ್ಲೇಆಫ್ (ಸೋತವರು ಹೊರಬೀಳುವ ಕೊನೆಯ ಹಂತ) ಬಂದಾಗ ಆಯಾ ರಾಜ್ಯದ ಶಾಲಾ ಕ್ರೀಡಾ ಸಂಘಗಳು ಹಲವೆಡೆ ಶುಲ್ಕ ಕೇಳುತ್ತವೆ. ಇಲ್ಲಿ ವಿವರಣೆಗಾರನನ್ನು ಕೇಂದ್ರವೇ ಕಳಿಸಬೇಕು, ಖರ್ಚೂ ಅದರದೇ. ಆದರೂ ಉಳಿಯುತ್ತದೆ, ಏಕೆಂದರೆ ಜಾಹೀರಾತಿನ ಎಲ್ಲ ನಿಮಿಷಗಳೂ ಕೇಂದ್ರದವು. ಯಾವ ನೆಟ್‌ವರ್ಕಿಗೂ ಪಾಲು ಕೊಡಬೇಕಿಲ್ಲ.

ಹಳೆಯ ಸ್ಕೋರ್‌ಕಾರ್ಡ್

ಶಾಲೆಯ ಮಾತು ಬಂದದ್ದರಿಂದ ಒಂದು ಪ್ರಸಂಗ. 1978ರಲ್ಲಿ ಓಕ್ಲಂಡ್ ಎ’ಸ್ ತಂಡದ ಮಾಲೀಕ ಚಾರ್ಲಿ ಫಿನ್ಲಿ ಸೀಸನ್ ಶುರುವಾದರೂ ಯಾವ ವಾಣಿಜ್ಯ ಕೇಂದ್ರದೊಂದಿಗೂ ಒಪ್ಪಂದ ಕುದುರಿಸಿಕೊಂಡಿರಲಿಲ್ಲ. ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕೆಎಎಲ್‌ಎಕ್ಸ್ ಕೇಂದ್ರ ಆ ಪಂದ್ಯಗಳನ್ನು ಎತ್ತಿಕೊಂಡಿತು. ಅದರ ಶಕ್ತಿ ಹತ್ತು ವ್ಯಾಟ್! ಆಗಿನ ಮನೆಯ ಬಲ್ಬು ಅದಕ್ಕಿಂತ ಹೆಚ್ಚು ಉರಿಯುತ್ತಿತ್ತು. ಈ ಏರ್ಪಾಡಿನ ಹಿಂದಿದ್ದ ವಿದ್ಯಾರ್ಥಿಗಳಲ್ಲಿ ಒಬ್ಬರಾದ ಲ್ಯಾರಿ ಬೇರ್ ಮುಂದೆ ಕೊಲ್ಲಿಯ ಆಚೆ ದಡದ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಕ್ಲಬ್ಬಿನ ಮುಖ್ಯಸ್ಥರಾದರು.

ಸಂಶಯಾತ್ಮ

ಇಷ್ಟೆಲ್ಲ ಹೇಳಿದ ಮೇಲೂ ನಾನು ಮೊದಲ ದಿನ ಹೇಳಿದ ಮಾತೇ ನಿಂತಿದೆ. ದುಡ್ಡು.

ಬೋರ್ಡಿನ ಮುಂದೆ

ಪೂರ್ತಿ ಅಲ್ಲ. ನಮ್ಮ ಮಾಲೀಕರ ಮನೆತನ ಒಂದು ತಂಡದ ಹುಚ್ಚು ಹಿಡಿಸಿಕೊಂಡಿತ್ತು. ಆ ತಂಡ ಮೂರು ವರ್ಷ ಸತತವಾಗಿ ಮಣ್ಣು ಮುಕ್ಕಿತು, ಆಗಸ್ಟ್ ಹೊತ್ತಿಗೆ ಜಾಹೀರಾತುದಾರರು ಫೋನ್ ಎತ್ತುತ್ತಿರಲಿಲ್ಲ. ನೋಟ್‌ಬುಕ್ಕಿನ ಹೆಂಗಸು ಮಾಲೀಕರ ಮೇಜಿನ ಮೇಲೆ ಬೇರೆ ತಂಡದ ಕಾಗದಪತ್ರ ತಂದಿಟ್ಟರೆ ಅವರು ಅದರ ಮೇಲೆ ಕಾಫಿ ಲೋಟ ಇಡುತ್ತಿದ್ದರು. ಆ ಮೂರು ವರ್ಷವೂ ಪಂದ್ಯ ಬಂತು.

ನನ್ನ ಕೆಲಸ ಹೇಗಿತ್ತೆಂದು ಕೇಳಿ. ಕಿಟಕಿಯಿಲ್ಲದ ಕೋಣೆ, ಎದುರಿಗೆ ಬೋರ್ಡು, ಎರಡು ಸ್ಲೈಡರ್. ಒಂದು ನೆಟ್‌ವರ್ಕಿನದು, ಇನ್ನೊಂದು ನಮ್ಮದು. ವಿವರಣೆಗಾರ ವಿರಾಮಕ್ಕೆ ಮೊದಲು ನೆಟ್‌ವರ್ಕಿನ ಹೆಸರನ್ನು ಒಂದು ನಿಗದಿತ ವಾಕ್ಯದಲ್ಲಿ ಹೇಳುತ್ತಾರೆ. ಅದೇ ನಮಗೆ ಸೂಚನೆ. ಆ ವಾಕ್ಯದ ಕೊನೆಯ ಪದ ಮುಗಿದೊಡನೆ ಗುಂಡಿ ಒತ್ತಬೇಕು, ಆಗ ಊರಿನ ಜಾಹೀರಾತು ಹೋಗುತ್ತದೆ. ಗಂಟೆಗೊಮ್ಮೆ ಕೇಂದ್ರದ ಗುರುತನ್ನೂ ಹೇಳಬೇಕು, ಅದು ಕಾನೂನು. ಒಂದು ರಾತ್ರಿ ಪಂದ್ಯ ಹದಿನಾಲ್ಕನೆಯ ಇನಿಂಗ್‌ಗೆ ಎಳೆಯಿತು. ನನಗೆ ಜೊಂಪು ಹತ್ತಿತು. ಕಣ್ಣು ಬಿಟ್ಟಾಗ ಮೈದಾನದ ಗದ್ದಲ ಮಾತ್ರ ಬರುತ್ತಿದೆ, ಯಾರೂ ಮಾತನಾಡುತ್ತಿಲ್ಲ. ವಿರಾಮ ಮುಗಿಯುತ್ತ ಬಂದಿತ್ತು, ನನ್ನ ಗುಂಡಿ ಒತ್ತದೆಯೇ ಉಳಿದಿತ್ತು. ಬೆಳಿಗ್ಗೆ ಆ ಹೆಂಗಸು ನೋಟ್‌ಬುಕ್ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ಬಿಟ್ಟುಹೋದ ಜಾಹೀರಾತನ್ನು ಮುಂದಿನ ವಾರ ಬಿಟ್ಟಿಯಾಗಿ ಎರಡು ಸಲ ಹಾಕಿದೆವು.

2023ರಲ್ಲಿ ಎಸೆತಕ್ಕೆ ಗಡಿಯಾರ ತಂದ ಮೇಲೆ ಒಂಬತ್ತು ಇನಿಂಗ್‌ನ ಪಂದ್ಯ ಸರಾಸರಿ ಮೂರು ಗಂಟೆಯ ಮೇಲಿದ್ದದ್ದು ಎರಡು ಗಂಟೆ ನಲವತ್ತು ನಿಮಿಷದ ಆಸುಪಾಸಿಗೆ ಇಳಿಯಿತು. ವಿರಾಮಗಳ ಸಂಖ್ಯೆ ಅಷ್ಟೇ, ಆದಾಯ ಅಷ್ಟೇ, ಮನೆಗೆ ಮಾತ್ರ ಬೇಗ. ನನಗಂತೂ ಆ ಭಾಗ್ಯ ಇರಲಿಲ್ಲ.

ತರಂಗಾಂತರ

ಒಂದೇ ಕೇಂದ್ರದ ಬಳಿ ಎರಡು ಮೂರು ತಂಡಗಳಿದ್ದಾಗ ಏನಾಗುತ್ತದೆ ಎಂಬುದನ್ನು ಯಾರೂ ಎತ್ತಲಿಲ್ಲ. ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ವರ್ಷಕ್ಕೆ 82 ಪಂದ್ಯ, ಐಸ್ ಹಾಕಿಗೂ ಹೆಚ್ಚುಕಡಿಮೆ ಅಷ್ಟೇ. ಒಂದೇ ರಾತ್ರಿ ಎರಡೂ ಬರದೆ ಇರುವುದಿಲ್ಲ. ಯಾವುದು ಮುಖ್ಯ ಕೇಂದ್ರದಲ್ಲಿ, ಯಾವುದು ಅದೇ ಮಾಲೀಕರ ಇನ್ನೊಂದು ಕೇಂದ್ರದಲ್ಲಿ ಎಂಬ ಸರದಿಯನ್ನು ಒಪ್ಪಂದದಲ್ಲೇ ಬರೆದಿರುತ್ತಾರೆ. ಸಣ್ಣ ಊರಿನಲ್ಲಿ ಇನ್ನೊಂದು ಕೇಂದ್ರವೇ ಇಲ್ಲದಿದ್ದರೆ ಒಂದನ್ನು ಬಿಡಲೇಬೇಕು. ದಾರಿಹೋಕರೇ, ನಿಮ್ಮ ಗಂಟು ಇಲ್ಲೇ ಇರಬಹುದು. ನೇರವಾಗಿ ಫೋನ್ ಮಾಡಿ ಕೇಳಬಾರದೇ? ಸಣ್ಣ ಕೇಂದ್ರದಲ್ಲಿ ಫೋನ್ ಎತ್ತುವವರು ಮಾಲೀಕರೇ ಆಗಿರುತ್ತಾರೆ.

ದಾರಿಹೋಕ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಫೋನ್ ಮಾಡಿದೆ. ಮಾಲೀಕರಲ್ಲ, ಮಾಲೀಕರ ಹೆಂಡತಿ ಎತ್ತಿದರು. ಇಪ್ಪತ್ತು ನಿಮಿಷ ಮಾತನಾಡಿದರು.

ಹಳೆಯ ತಂಡದ ನೆಟ್‌ವರ್ಕ್ ಈ ಸಲ ಒಪ್ಪಂದ ನವೀಕರಿಸುವಾಗ ಎಲ್ಲ ಪಂದ್ಯಗಳನ್ನೂ ಹಾಕಲೇಬೇಕು ಎಂದಿತಂತೆ. ಇಷ್ಟು ವರ್ಷ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮುಗಿಯುವವರೆಗಿನ ಶುಕ್ರವಾರಗಳಿಗೆ ವಿನಾಯಿತಿ ಇತ್ತು. ಬೇಸ್‌ಬಾಲ್ ಸೀಸನ್ನಿನ ಕೊನೆಯೂ ಹೈಸ್ಕೂಲ್ ಫುಟ್‌ಬಾಲಿನ ಶುರುವೂ ಒಂದರ ಮೇಲೊಂದು ಬೀಳುವುದು ಆ ಐದಾರು ಶುಕ್ರವಾರಗಳಲ್ಲಿ ಮಾತ್ರ. ಅದನ್ನು ಕಿತ್ತುಕೊಂಡರು. ದೂರದ ತಂಡದವರು ಶುಕ್ರವಾರಗಳನ್ನು ಬಿಟ್ಟುಕೊಟ್ಟರು. “ಐದು ರಾತ್ರಿಗಾಗಿ ನೂರೈವತ್ತು ರಾತ್ರಿ ಬದಲಾಯಿಸಿದಿರಾ?” ಎಂದು ಕೇಳಿದೆ. “ಆ ಐದು ರಾತ್ರಿಯ ಜಾಹೀರಾತಿನಲ್ಲೇ ಚಳಿಗಾಲದ ವಿದ್ಯುತ್ ಬಿಲ್ಲು ಕಟ್ಟುವುದು” ಎಂದರು.

ಟೋಪಿಯ ಮಾತನ್ನೂ ಎತ್ತಿದೆ. ನಕ್ಕರು. ಬದಲಾಯಿಸಿದ್ದಕ್ಕೆ ಬೈದು ಬಂದ ಕರೆಗಳು ಹನ್ನೊಂದು. ಎರಡು ವರ್ಷದ ಹಿಂದೆ ಗುಡುಗಿನ ಮಳೆಗೆ ಲೈನು ಹೋಗಿ ಶಾಲೆಯ ಒಂದು ಪಂದ್ಯ ಅರ್ಧಕ್ಕೆ ನಿಂತಾಗ ಬಂದ ಕರೆಗಳನ್ನು ಎಣಿಸಲು ಆಗಲಿಲ್ಲವಂತೆ.

ಬೋರ್ಡಿನ ಮುಂದೆ

ನಮ್ಮಲ್ಲೂ ಇದೇ ಶುಕ್ರವಾರದ ಜಗಳವಿತ್ತು. ನನಗೆ ಮೊದಲೇ ಹೊಳೆಯಬೇಕಿತ್ತು.

ಸಂಶಯಾತ್ಮ

ವಿದ್ಯುತ್ ಬಿಲ್ಲು. ಅಂದರೆ ದುಡ್ಡು. ನಾನು ಗೆದ್ದೆ.

ಲೆಕ್ಕದ ಪುಸ್ತಕ

ಗೆದ್ದಿರಿ ಸರ್, ಆದರೆ ನೀವು ಹೇಳಿದ್ದು ತಂಡ ಕೊಡುವ ದುಡ್ಡು. ಇದು ಊರು ಕೊಡುವ ದುಡ್ಡು.

ಹೊಸಬಳು

ದಾರಿಹೋಕ ಅವರೇ, ಶುಕ್ರವಾರ ಈಗ ಏನು ಕೇಳುತ್ತೀರಿ?

ದಾರಿಹೋಕ

ನಿನ್ನೆ ಶುಕ್ರವಾರವೇ. ಅವರ ಫುಟ್‌ಬಾಲ್ ನನಗೆ ಇನ್ನೂ ಅರ್ಥವಾಗುವುದಿಲ್ಲ. ನಾಲ್ಕು ಪ್ರಯತ್ನ, ಹತ್ತು ಗಜ ಎಂಬಲ್ಲಿಗೆ ನನ್ನ ಜ್ಞಾನ ಮುಗಿಯುತ್ತದೆ. ಆದರೂ ಹಾಕಿಕೊಂಡೆ. ವಿವರಣೆಗಾರರ ಗಂಟಲು ಕಟ್ಟಿತ್ತು, ಹಿಂದೆ ಶಾಲೆಯ ವಾದ್ಯವೃಂದ ಅವರ ಮಾತನ್ನು ಮುಳುಗಿಸುತ್ತಿತ್ತು. ಎರಡು ಸಲ ಅವರೇ ಸ್ಕೋರು ತಪ್ಪು ಹೇಳಿ ತಿದ್ದಿಕೊಂಡರು. ಮನೆಯ ತಿರುವಿನ ಹತ್ತಿರ ಬಂದಾಗ ಚೆಂಡು ಹಿಡಿದು ಓಡಿದ ಹುಡುಗನ ಹೆಸರು ಕೂಗಿದರು. ನನ್ನ ಪಕ್ಕದ ಮೇಜಿನಲ್ಲಿ ಕೆಲಸ ಮಾಡುವವರ ಮಗ. ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಆ ಓಟ ಎಲ್ಲಿಗೆ ಮುಟ್ಟಿತೆಂದು ಕೇಳಿಕೊಂಡೇ ಒಳಗೆ ಹೋದೆ.